ಬಾಯಿ ಕೂಡಿದ ಹಾಯಿದೋಣಿ

ಭದ್ರಾವತಿ ಓಲ್ಡ್ ಟೌನಿನ ಎತ್ತಿನ ದಲ್ಲಾಳಿ ರಾಮಚಂದ್ರಪ್ಪನಿಗೆ ಫೋನ್ ಮಾಡಿ "ಒಂದು ಮಾಲು ನೋಡಬೇಕಿತ್ತು, ಬಾ" ಎಂದು ಯಾರೂ ಕರೆಯದೆ ಹತ್ತು ವರ್ಷವಾಗಿತ್ತು. ಯಾರು ಕರೆಯುತ್ತಾರೆ ಹೇಳಿ? ಟ್ರ್ಯಾಕ್ಟರ್ ಬಂತು, ಟಿಲ್ಲರ್ ಬಂತು. ಟ್ರ್ಯಾಕ್ಟರಿನ ಬಾಯಿ ಅಗಲಿಸಿ ಹಲ್ಲು ಎಣಿಸಲಿಕ್ಕೆ ಆಗುತ್ತದೆಯೇ? ನಲವತ್ತು ವರ್ಷ ಸಂತೆಯಲ್ಲಿ ಮೆರೆದ ಮನುಷ್ಯನಿಗೆ ಈಗ ಬೆಳಿಗ್ಗೆ ಟೀ ಅಂಗಡಿ, ಮಧ್ಯಾಹ್ನ ನಿದ್ದೆ, ಸಂಜೆ ಮತ್ತೆ ಅದೇ ಟೀ ಅಂಗಡಿ. ಅಲ್ಲಿ ಕೂತವರೆಲ್ಲ "ಏನ್ ದಲ್ಲಾಳಿ, ವ್ಯಾಪಾರ ಜೋರಾ?" ಎಂದು ಕಿಚಾಯಿಸುವವರೇ.

ಕಿಚಾಯಿಸಲಿ. ಆದರೆ ಅವರಲ್ಲಿ ಒಬ್ಬನಾದರೂ "ನೀನು ಮೋಸ ಮಾಡಿದವನು" ಎಂದಿರಲಿಲ್ಲ. ರಾಮಚಂದ್ರಪ್ಪನಿಗೆ ಹೊಲವಿಲ್ಲ, ಸೈಟಿಲ್ಲ, ಇದ್ದದ್ದು ಅದೊಂದೇ. ಅವನು ಹೂಂ ಅಂದ ಎತ್ತು ಮುಗ್ಗರಿಸುವುದಿಲ್ಲ, ಊಹೂಂ ಅಂದ ಎತ್ತನ್ನು ಬಿಟ್ಟಿ ಕೊಟ್ಟರೂ ಹಿಡಿಯಬಾರದು ಎಂಬ ಮಾತು ಇತ್ತಲಾಗೆ ಭದ್ರಾವತಿಯಿಂದ ಅತ್ತಲಾಗೆ ಶಿವಮೊಗ್ಗ ದಾಟುವವರೆಗೂ ಇತ್ತು. ಆ ಹೆಸರನ್ನು ಅವನು ಹೆಂಡತಿಗಿಂತ ಜೋಪಾನವಾಗಿ ನೋಡಿಕೊಂಡಿದ್ದ. ಇದು ನನ್ನ ಮಾತಲ್ಲ, ಹೆಂಡತಿ ಪದ್ಮಮ್ಮನ ಮಾತು.

ಹೀಗಿರುವಾಗ ಒಂದು ಬುಧವಾರ ಬೆಳಿಗ್ಗೆ ಫೋನ್ ಬಂತು. ಶಿವಮೊಗ್ಗದ ಅಡಿಕೆ ಮಂಡಿ ಚಂದ್ರಶೇಖರಪ್ಪ. ಗೋಪಾಳದಲ್ಲಿ ದೊಡ್ಡ ಮನೆ, ಊರ ತುಂಬ ಮರ್ಯಾದೆ. ಅವರಪ್ಪನ ಕಾಲದಿಂದಲೂ ಅವರ ಮನೆಗೆ ಎತ್ತು ಕೊಡಿಸುತ್ತಿದ್ದವನು ರಾಮಚಂದ್ರಪ್ಪನೇ.

"ರಾಮಣ್ಣ, ಹಳೇದು ಒಂದು ನೋಡಿದೀನಿ ಮಾರಾಯ. ನಿಮ್ಮ ಓಲ್ಡ್ ಟೌನಲ್ಲೇ ಇದೆ. ತಗೊಳ್ಳೋದೋ ಬಿಡೋದೋ ನೀನೇ ಹೇಳ್ಬೇಕು. ನೀನು ಹೇಳಿದ್ಮೇಲೆ ಮುಗೀತು."

"ಆಗ್ಲಿ ಸಾವ್ಕಾರ್ರೆ. ವಯಸ್ಸೆಷ್ಟು?"

"ಮೂವತ್ತೈದು."

ರಾಮಚಂದ್ರಪ್ಪ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದ. ಮೂರೂವರೆ ಅನ್ನಲು ಹೋಗಿ ಸಾಹುಕಾರರ ಬಾಯಿ ತಪ್ಪಿರಬೇಕು. ಹೆಚ್ಚು ಕೆದಕಲಿಲ್ಲ, ಎಲ್ಲಿ ಬೇಡ ಅಂದುಬಿಟ್ಟಾರೋ ಎಂಬ ಭಯ. ಪದ್ಮಮ್ಮ ಟ್ರಂಕಿನಿಂದ ಹಸಿರು ಅಂಚಿನ ಟವೆಲ್ ತೆಗೆದು ಕೊಟ್ಟಳು. ಅವನು ಅದನ್ನು ಹೆಗಲಿಗೆ ಹಾಕಿಕೊಂಡು ಟೀ ಅಂಗಡಿಯ ಮುಂದೆ ಬೇಕಂತಲೇ ನಿಧಾನ ನಡೆದ. "ಎಲ್ಲಿಗೆ?" ಎಂದವರಿಗೆ "ವ್ಯಾಪಾರ" ಎಂದ. ಆಡಿಕೊಳ್ಳಲು ಒಳ್ಳೆ ಗಿರಾಕಿ ಸಿಕ್ಕಿತೆಂದು ಅಂಗಡಿಯಲ್ಲಿದ್ದ ಹತ್ತಾರು ಜನವೂ ಎದ್ದು ಅವನ ಹಿಂದೆಯೇ ಹೊರಟರು.

ಸಾಹುಕಾರರು ಹೇಳಿದ ವಿಳಾಸ ಸೀತಾಲಕ್ಷ್ಮಿಯದು. ಆಕೆಯ ಗಂಡ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದು ತೀರಿಹೋದವರು, ತಮಿಳಿನವರು. ಅವರ ಮನೆಯಲ್ಲಿ ಎತ್ತು ಎಲ್ಲಿಂದ ಬಂತು ಎಂದು ಯೋಚಿಸುತ್ತಾ ಗೇಟು ತೆಗೆದ ರಾಮಚಂದ್ರಪ್ಪ ಅಲ್ಲೇ ನಿಂತ.

ಹಿತ್ತಲಲ್ಲಿ, ರೈಲ್ವೆ ಹಲಗೆಗಳ ಮೇಲೆ, ಒಂದು ಹಡಗು ಕೂತಿತ್ತು. ಹಡಗು ಅಂದರೆ ಕೈಯಲ್ಲಿ ಹುಟ್ಟು ಹಾಕುವ ತೆಪ್ಪವಲ್ಲ ಸ್ವಾಮಿ, ಸಮುದ್ರ ದಾಟುವ ಹಾಯಿದೋಣಿ. ಮೂವತ್ತಡಿ ಉದ್ದ, ಕೆಳಗೆ ದೊಡ್ಡ ಕಬ್ಬಿಣದ ರೆಕ್ಕೆ, ಮೇಲೆ ತೆಂಗಿನಮರದೆತ್ತರದ ಕಂಬ. ಕಂಬದಿಂದ ನುಗ್ಗೆಮರಕ್ಕೆ ಹಗ್ಗ ಕಟ್ಟಿ ಸೀರೆ ಒಣಹಾಕಿದ್ದರು. ಹಡಗಿನ ಬೆನ್ನ ಮೇಲೆ ಹಪ್ಪಳ, ಹೊಟ್ಟೆಯೊಳಗೆ ಕೋಳಿ. ಸೀತಾಲಕ್ಷ್ಮಿಯ ಗಂಡ ಗೋವಾದಲ್ಲಿ ಒಬ್ಬ ವಿದೇಶಿಯಿಂದ ಇದನ್ನು ಕೊಂಡು, ರಿಪೇರಿ ಮಾಡಿಸಲಿಕ್ಕೆಂದು ಲಾರಿಯಲ್ಲಿ ಇಲ್ಲಿಗೆ ತಂದಿದ್ದರಂತೆ. ಕಬ್ಬಿಣದ ಕೆಲಸಕ್ಕೆ ಭದ್ರಾವತಿಗಿಂತ ಊರುಂಟೇ ಎಂಬುದು ಅವರ ಲೆಕ್ಕ. ರಿಪೇರಿ ಮುಗಿಯುವ ಮೊದಲು ಅವರೇ ಮುಗಿದಿದ್ದರು.

"ಬಂದ್ಯಾ ರಾಮಣ್ಣ?" ಎಂದರು ಚಂದ್ರಶೇಖರಪ್ಪ. ಬಿಳಿ ಜುಬ್ಬಾ, ಹೆಗಲಲ್ಲಿ ಟವೆಲ್, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಮೊಬೈಲು. ಮುಖದ ಮೇಲೆ ಬೆವರು ಇಳಿಯುತ್ತಿತ್ತು. "ಇದೇ ನೋಡು. ಇದ್ರಲ್ಲಿ ಪ್ರಪಂಚ ಸುತ್ತಬೇಕು ಅಂತಿದೀನಿ."

ವೆಲ್ಡಿಂಗ್ ಅಂಗಡಿಯ ಯುವರಾಜ್ ಏಣಿ ತಂದಿದ್ದ. ಅವನು ನಕ್ಕು ಕೇಳಿದ, "ಏನ್ ದಲ್ಲಾಳಣ್ಣ, ನಿಂಗೆ ಹಡಗೂ ಗೊತ್ತಾ?"

ಗೊತ್ತಿಲ್ಲ. ಮೂರೇ ಅಕ್ಷರ. ಅಲ್ಲೇ ಅಂದುಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆ ಮೂರಕ್ಷರ ರಾಮಚಂದ್ರಪ್ಪನ ಗಂಟಲವರೆಗೆ ಬಂತು, ಗೇಟಿನಲ್ಲಿ ಹಲ್ಲು ಕಿರಿಯುತ್ತಿದ್ದ ಟೀ ಅಂಗಡಿಯವರನ್ನು ನೋಡಿ ವಾಪಸ್ ಹೋಯಿತು. ಹತ್ತು ವರ್ಷದ ಮೇಲೆ ಒಬ್ಬ ಗಿರಾಕಿ ನಂಬಿ ಕರೆದಿದ್ದಾನೆ. ಅವನು ಟವೆಲ್ ಸರಿಮಾಡಿಕೊಂಡು ಹೇಳಿದ, "ನಾಲ್ಕು ಕಾಲಿಲ್ಲ ಅನ್ನೋದು ಬಿಟ್ರೆ ಎಲ್ಲಾ ಮಾಲೂ ಒಂದೇ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ಯಾರೂ ಎದುರಾಡಲಿಲ್ಲ.

ಮೊದಲು ದೂರ ನಿಂತು ನಿಲುವು ನೋಡಿದ. ಆಮೇಲೆ ಬಲಗಡೆಯಿಂದ ಒಂದು ಸುತ್ತು, ಎಡಗಡೆಯಿಂದ ಒಂದು ಸುತ್ತು. ಹಿಂದಿನಿಂದ ಹತ್ತಿರ ಹೋಗಲಿಲ್ಲ, ಒದೆಯುವ ಮಾಲಿದ್ದರೆ ಎಂಬ ಅಭ್ಯಾಸ. ಬೆರಳ ಗೆಣ್ಣಿನಿಂದ ಹಡಗಿನ ಹೊಟ್ಟೆಯನ್ನು ಟಕ್ ಟಕ್ ತಟ್ಟುತ್ತಾ, ಕಿವಿ ಕೊಡುತ್ತಾ ಹೋದ. ಟಕ್, ಟಕ್, ಟಕ್, ಡಬ್. ನಿಂತ.

"ಇಲ್ಲಿ ಹೊಟ್ಟೆಯುಬ್ಬರ ಇದೆ."

ಚಂದ್ರಶೇಖರಪ್ಪ ಮೊಬೈಲಿನಲ್ಲಿ ಏನೋ ಓದಿ ತಲೆಯೆತ್ತಿದರು. ಹಳೆ ದೋಣಿ ಕೊಳ್ಳುವಾಗ ತಟ್ಟಿ ನೋಡಬೇಕು, ಶಬ್ದ ಬದಲಾದ ಕಡೆ ಒಳಗೆ ನೀರು ಕುಡಿದು ಉಬ್ಬಿರುತ್ತದೆ ಎಂದು ಅಲ್ಲೂ ಬರೆದಿತ್ತಂತೆ. ಅದನ್ನು ಅವರು ಗಟ್ಟಿಯಾಗಿ ಓದಿದ್ದೇ ತಡ, ಗೇಟಿನ ಬಳಿ ನಗುತ್ತಿದ್ದವರು ನಗು ನಿಲ್ಲಿಸಿ ಒಳಗೆ ಬಂದರು.

"ಜಾಸ್ತಿ ಉಬ್ಬಿದ್ಯೇನೋ, ಅಲ್ವಾ?" ಎಂದರು ಸಾಹುಕಾರರು.

"ಇಲ್ಲ ಇಲ್ಲ, ಔಷಧಿಗೆ ಬಗ್ಗುತ್ತೆ. ಹೆದರ್ಬೇಡಿ."

"ಕೀಲ್ ಕೆಟ್ಟಿರುತ್ತೆ ಅಂತ ಬರ್ದಿದಾರೆ. ಕೀಲ್ ನೋಡು."

"ಕೀಲು ನೋಡೋದು ನಂಗೆ ಹೇಳ್ಕೊಡ್ಬೇಕಾ?" ಎಂದ ರಾಮಚಂದ್ರಪ್ಪ. ಮೊಬೈಲಿನವರು ಕೀಲ್ ಎಂದದ್ದು ಹಡಗಿನ ಅಡಿಯ ಕಬ್ಬಿಣದ ರೆಕ್ಕೆಯನ್ನು, ಇವನಿಗೆ ಗೊತ್ತಿದ್ದದ್ದು ಎತ್ತಿನ ಮೊಣಕಾಲಿನ ಕೀಲು. ಆದರೂ ಕಾಲು ಇರಬೇಕಾದ ಜಾಗದಲ್ಲಿ ಇದ್ದದ್ದು ಆ ರೆಕ್ಕೆಯೊಂದೇ ಆದ್ದರಿಂದ ಅದು ಹಡಗಿಗೆ ಸೇರುವ ಸಂದಿಗೇ ಕೈ ಹಾಕಿದ, ಉಗುರಿನಿಂದ ಕೆರೆದ, ಜೋತುಬಿದ್ದು ಅಲ್ಲಾಡಿಸಿದ. ಮೊಬೈಲಿನವರು ನೋಡಿ ಎಂದಿದ್ದೂ ಅದೇ ಸಂದಿಯನ್ನು. "ಕೀಲು ಗಟ್ಟಿ!" ಎಂದ. ಜನ ಓಹೋ ಎಂದರು.

ವಯಸ್ಸಿನ ಪ್ರಶ್ನೆ ಬಂತು. ಎತ್ತಿಗೆ ಎಂಟು ಹಲ್ಲು ಬಂದರೆ ಬಾಯಿ ಕೂಡಿತು ಅನ್ನುತ್ತಾರೆ, ದುಡಿಯುವ ಪ್ರಾಯ. ರಾಮಚಂದ್ರಪ್ಪ ಹಡಗಿನ ಪಕ್ಕೆಯ ಗುಂಡು ಕಿಟಕಿಗಳನ್ನು ಎಣಿಸಿದ. ಆ ಕಡೆ ನಾಲ್ಕು, ಈ ಕಡೆ ನಾಲ್ಕು.

"ಎಂಟು. ಬಾಯಿ ಕೂಡಿದೆ ಸಾವ್ಕಾರ್ರೆ. ಇನ್ನು ಹತ್ತು ವರ್ಷ ಕಣ್ಮುಚ್ಕೊಂಡು ದುಡಿಸ್ಬಹುದು."

ಕೊನೆಗೆ ಸುಳಿ. ಎತ್ತಿನ ಮೈಮೇಲೆ ಕೂದಲು ಸುತ್ತಿಕೊಂಡ ಸುಳಿ ಯಾವ ಜಾಗದಲ್ಲಿದೆ ಎಂಬುದರ ಮೇಲೆ ಒಡೆಯನ ಗತಿ ನಿಂತಿದೆ ಎಂಬುದು ಸಂತೆಯವರ ಶಾಸ್ತ್ರ. ರಾಮಚಂದ್ರಪ್ಪ ಏಣಿ ಹತ್ತಿ, ಹಪ್ಪಳ ಸರಿಸಿ, ತೇಗದ ಹಲಗೆಯಲ್ಲಿದ್ದ ಮರದ ಒಂದು ಗಂಟಿನ ಸುತ್ತ ಬೆರಳಾಡಿಸಿದ.

"ಬೆನ್ನಿನ ನಡುವೆ ಬಲಕ್ಕೆ ತಿರುಗಿದ ಸುಳಿ. ಇದಿದ್ರೆ ಒಡೆಯ ಎಲ್ಲೇ ಹೋದ್ರೂ ಮನೆಗೆ ವಾಪಸ್ ತಂದ್ಬಿಡುತ್ತೆ."

"ಅಲ್ಲಣ್ಣ, ಸಮುದ್ರದಲ್ಲೂ ಸುಳಿ ಇರ್ತಾವಂತಲ್ಲ, ಹಡಗನ್ನೇ ನುಂಗೋವು?" ಎಂದ ಯುವರಾಜ್.

"ಮಾಲಿನಲ್ಲಿ ಒಳ್ಳೇ ಸುಳಿ ಇದ್ರೆ ನೀರಿನ ಕೆಟ್ಟ ಸುಳಿ ಹತ್ರ ಬರಲ್ಲ."

ಜನ ಚಪ್ಪಾಳೆ ತಟ್ಟಿದರು. ರಾಮಚಂದ್ರಪ್ಪನ ಎದೆ ಉಬ್ಬಿತು. ಏಣಿ ಇಳಿಯುವಾಗ ಸಾಹುಕಾರರು ಅವನ ತೋಳು ಚಿವುಟಿದರು. ಕೊಳ್ಳುವ ಆತುರ ಪಾಪ ಎಂದುಕೊಂಡು ಅವನು ನೆರೆದ ಓಲ್ಡ್ ಟೌನಿಗೆಲ್ಲ ಕೇಳುವ ಹಾಗೆ ಹೇಳಿಯೇಬಿಟ್ಟ, "ಮಾಲು ಚೆನ್ನಾಗಿದೆ. ತಗೋಬಹುದು!"

ಚಂದ್ರಶೇಖರಪ್ಪ ಅವನ ಕೈ ಹಿಡಿದು ನುಗ್ಗೆಮರದ ಹಿಂದಕ್ಕೆ ಎಳೆದುಕೊಂಡು ಹೋದರು.

"ಹಾಳ್ಮಾಡಿದ್ಯಲ್ಲೋ ಮಾರಾಯ! ನಿನ್ನ ಕರೆಸಿದ್ದು ಯಾಕೆ ಅಂದ್ಕೊಂಡೆ? ಬೇಡ ಅನ್ಲಿ ಅಂತ!"

ಆದದ್ದಿಷ್ಟು. ಮೂರು ವಾರದ ಹಿಂದೆ ಒಂದು ಮದುವೆ ಊಟದಲ್ಲಿ ಯಾರೋ "ಅಡಿಕೆಯವರಿಗೆ ಮಂಡಿ ಬಿಟ್ಟು ಪ್ರಪಂಚ ಏನು ಗೊತ್ತು" ಎಂದಿದ್ದರು. ಎರಡು ಹೋಳಿಗೆ ಜಾಸ್ತಿಯಾಗಿದ್ದ ಚಂದ್ರಶೇಖರಪ್ಪ, ಮೊಬೈಲಿನಲ್ಲಿ ಹಾಯಿದೋಣಿಯ ವಿಡಿಯೋ ನೋಡಿದ್ದ ಧೈರ್ಯದಲ್ಲಿ, "ನೋಡ್ತಾ ಇರಿ, ಹಾಯಿದೋಣಿ ತಗೊಂಡು ಒಬ್ಬನೇ ಪ್ರಪಂಚ ಸುತ್ತಿ ಬರ್ತೀನಿ" ಎಂದುಬಿಟ್ಟರು. ಆಡಿದ ಮಾತು ಗೋಪಾಳ ಪೂರ್ತಿ ಸುತ್ತಿತು. ಹೆಂಡತಿ ಜಗದಾಂಬಾ ಹೆಮ್ಮೆಯಿಂದ ನೆಂಟರಿಗೆಲ್ಲ ಫೋನ್ ಮಾಡಿದಳು. ಮಂಡಿಯವರ ಸಂಘ ಭಾನುವಾರ ಬೀಳ್ಕೊಡುಗೆ ಸನ್ಮಾನ ಇಟ್ಟುಕೊಂಡಿತು. ಶಿವಮೊಗ್ಗದಲ್ಲಿ ಹಡಗು ಎಲ್ಲಿ ಸಿಗುತ್ತದೆ ಎಂದು ಸಾಹುಕಾರರು ನಿಶ್ಚಿಂತೆಯಿಂದ ಇದ್ದಾಗ ಯಾರೋ ಮಹಾನುಭಾವ ಸೀತಾಲಕ್ಷ್ಮಿಯ ಹಿತ್ತಲು ತೋರಿಸಿದ್ದ.

"ಈಜು ಬರಲ್ಲ ಕಣೋ ನಂಗೆ. ತುಂಗೆಗೆ ಕಾಲು ಇಳಿಬಿಟ್ರೆ ತಲೆ ಸುತ್ತುತ್ತೆ. ಈಗ ನಾನಾಗಿ ಬೇಡ ಅಂದ್ರೆ ಊರಲ್ಲಿ ತಲೆ ಎತ್ತೋ ಹಂಗಿಲ್ಲ. ಆದ್ರೆ ರಾಮಚಂದ್ರಪ್ಪನೇ ಊಹೂಂ ಅಂದ ಅಂದ್ರೆ ಯಾರೂ ಪಿಟ್ಟೆನ್ನಲ್ಲ. ಹೋಗಿ ಬೇಡ ಅನ್ನು. ನಿನ್ನ ಕಾಲಿಗೆ ಬೀಳ್ತೀನಿ."

"ಫೋನಲ್ಲೇ ಹೇಳ್ಬಾರ್ದಿತ್ತಾ ಸಾವ್ಕಾರ್ರೆ?"

"ಹೇಳ್ಕೊಟ್ಟ ಮಾತು ನೀನು ಆಡಲ್ಲ ಅಂತ ಊರಿಗೇ ಗೊತ್ತಲ್ಲ! ಎತ್ತಿನವನು ಹಡಗು ನೋಡಿದ್ರೆ ತಾನಾಗೇ ಬೇಡ ಅಂತಾನೆ ಅಂದ್ಕೊಂಡೆ. ನೀನು ಹಲ್ಲು ಎಣಿಸ್ತೀಯ ಅಂತ ನಂಗೇನು ಗೊತ್ತು?"

ಸಾಹುಕಾರರ ಕಣ್ಣಲ್ಲಿ ನಿಜವಾಗಿ ನೀರಿತ್ತು. ಎತ್ತಿನಲ್ಲಿ ತಪ್ಪಿದರೆ ಉಳುಮೆಯ ಸಾಲು ಸೊಟ್ಟಗಾಗುತ್ತದೆ, ಅಷ್ಟೇ. ಇಲ್ಲಿ ತನ್ನ ಜಂಬಕ್ಕೆ ಒಬ್ಬ ಮನುಷ್ಯ ಮುಳುಗಿ ಸಾಯುತ್ತಾನೆ. ಹಾಗಂತ ಕೆಟ್ಟದ್ದು ಎಂದು ಗೊತ್ತಿಲ್ಲದ ಮಾಲನ್ನು ಕೆಟ್ಟದ್ದು ಅನ್ನುವುದು ಹೇಗೆ? ಸುಳ್ಳಾಗುತ್ತದೆ. ರಾಮಚಂದ್ರಪ್ಪ ಯೋಚಿಸಿ, ಹೆಸರು ಸ್ವಲ್ಪ ಮುಕ್ಕಾದರೂ ಆಗಲಿ, ಇದ್ದದ್ದನ್ನೇ ಹೇಳಿಬಿಡುವುದು ಎಂದು ತೀರ್ಮಾನಿಸಿದ.

ಹಡಗಿನ ಮುಂದೆ ಬಂದು ಕೈ ಮುಗಿದ. "ಅಣ್ಣಂದಿರಾ, ನಂಗೆ ಹಡಗಿನ ವಿಷಯ ಗೊತ್ತಿಲ್ಲ. ಏನೇನೂ ಗೊತ್ತಿಲ್ಲ. ಜಂಬಕ್ಕೆ ಬಾಯಿಗೆ ಬಂದದ್ದು ಹೇಳ್ದೆ."

ಯುವರಾಜ್ ತೊಡೆ ತಟ್ಟಿಕೊಂಡು ನಕ್ಕ. "ನೋಡ್ರೋ ನೋಡ್ರೋ, ಶುರುಮಾಡ್ದ! ರೇಟು ಇಳಿಸೋ ಆಟ!"

"ದಲ್ಲಾಳಿ ಅಂದ್ರೆ ಹಿಂಗಿರ್ಬೇಕು" ಎಂದ ಇನ್ನೊಬ್ಬ.

ಸೀತಾಲಕ್ಷ್ಮಿ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. ಮಗಳು ಕವನಾ ಕಾರು ತೆಗೆದುಕೊಂಡಿದ್ದಳು, ನಿಲ್ಲಿಸಲು ಜಾಗವಿರಲಿಲ್ಲ. "ಸರಿ ಅಣ್ಣಾ, ಹೇಳಿದ ರೇಟಲ್ಲಿ ಅರ್ಧ ಕೊಡಿ."

"ಅಮ್ಮಾವ್ರೆ, ನಾನು ರೇಟು ಮಾತಾಡ್ತಿಲ್ಲ. ನಿಜವಾಗ್ಲೂ ಗೊತ್ತಿಲ್ಲ."

"ಅಯ್ಯೋ ಕಡವುಳೇ, ದೇವರೇ, ಏನು ಗಟ್ಟಿ ಮನುಷ್ಯಪ್ಪಾ! ಕಾಲು ಭಾಗ ಕೊಡಿ."

"ದೇವರಾಣೆಗೂ ಗೊತ್ತಿಲ್ಲ ತಾಯಿ!"

"ಪೋದುಂ, ಸಾಕು! ದುಡ್ಡೇ ಬೇಡ. ಸುಮ್ನೆ ಎತ್ಕೊಂಡು ಹೋಗಿ, ನನ್ನ ಹಿತ್ತಲು ಬಿಟ್ಟುಕೊಡಿ."

ಜನ ಕೇಕೆ ಹಾಕಿದರು. ಬರೀ ಗೊತ್ತಿಲ್ಲ ಅಂದೇ ಒಂದು ಹಡಗನ್ನು ಬಿಟ್ಟಿಗೆ ಇಳಿಸಿದ ದಲ್ಲಾಳಿಯನ್ನು ಅವರು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಯಾರೋ ತೆಂಗಿನಕಾಯಿ ತಂದರು. ಇನ್ನೊಬ್ಬ ನಿಂಬೆಹಣ್ಣು ತಂದು, ಚಕ್ರವಿಲ್ಲದ ಗಾಡಿಗೆ ಇದನ್ನು ಎಲ್ಲಿ ಇಡುವುದು ಎಂದು ಸುತ್ತ ಹುಡುಕತೊಡಗಿದ. ಯುವರಾಜ್ ಕ್ರೇನಿನವನಿಗೆ ಫೋನ್ ಹಚ್ಚಿದ. "ಇವತ್ತೇ ಎತ್ತಾಕೋಣ ಸಾವ್ಕಾರ್ರೆ. ದಾರೀಲಿ ಮಲವಗೊಪ್ಪದ ಹತ್ರ ಕರೆಂಟ್ ವೈರ್ ಸ್ವಲ್ಪ ತೊಂದ್ರೆ, ಕೋಲಲ್ಲಿ ಎತ್ತಿ ಹಿಡಿದ್ರಾಯ್ತು. ಹಾಕಿ ನಿಮ್ಮ ಟವೆಲ್!"

ಇದೊಂದು ಹೇಳಬೇಕು. ಸಂತೆಯಲ್ಲಿ ಮಾತು ಮುಗಿದ ಮೇಲೆ ಯಾರ ಟವೆಲ್ ಮಾಲಿನ ಬೆನ್ನ ಮೇಲೆ ಬೀಳುತ್ತದೋ ಮಾಲು ಅವರದ್ದು. ಆಮೇಲೆ ಬ್ರಹ್ಮ ಬಂದರೂ ತೆಗೆಯುವ ಹಾಗಿಲ್ಲ. ಗಿರಾಕಿಯ ಟವೆಲ್ ಇಸಿದುಕೊಂಡು ಹಾಕುವುದು ದಲ್ಲಾಳಿಯ ಧರ್ಮ. ಗಿರಾಕಿಗೆಂದು ನೋಡಿದ ಮಾಲಿನ ಮೇಲೆ ದಲ್ಲಾಳಿಯೇ ತನ್ನ ಟವೆಲ್ ಹಾಕಿದನೋ, ಅದಕ್ಕಿಂತ ಹೀನ ಕೆಲಸ ಇನ್ನೊಂದಿಲ್ಲ. ಅವನ ಮನೆಯ ನೀರನ್ನೂ ಸಂತೆಯವರು ಮುಟ್ಟುವುದಿಲ್ಲ.

ಚಂದ್ರಶೇಖರಪ್ಪ ತಮ್ಮ ಹೆಗಲ ಮೇಲಿನ ಟವೆಲ್ ತೆಗೆದರು. ರಾಮಚಂದ್ರಪ್ಪನ ಕಡೆ ನೋಡಿದರು. ಬಿಟ್ಟಿ ಸಿಕ್ಕ ಹಡಗು, ಒಳ್ಳೆಯ ಸುಳಿ, ಗಟ್ಟಿ ಕೀಲು. ಬೇಡ ಅನ್ನಲು ಕಾರಣ ಒಂದೂ ಉಳಿದಿರಲಿಲ್ಲ.

ರಾಮಚಂದ್ರಪ್ಪ ಕಣ್ಣು ಮುಚ್ಚಿ ತೆರೆದ. ತನ್ನ ಹಸಿರು ಅಂಚಿನ ಟವೆಲ್ ತೆಗೆದು ಬೀಸಿ ಹಡಗಿನ ಮೂತಿಯ ಮೇಲೆ ಎಸೆದ.

"ಇದು ನಂಗೇ ಬೇಕು."

ತೆಂಗಿನಕಾಯಿ ಹಿಡಿದವನ ಕೈ ಎತ್ತಿದಲ್ಲೇ ನಿಂತಿತು. ಯುವರಾಜ್ ಫೋನ್ ಕಟ್ ಮಾಡಿದ. ಎಲ್ಲರಿಗಿಂತ ತಡವಾಗಿ ಅರ್ಥವಾದದ್ದು ಚಂದ್ರಶೇಖರಪ್ಪನವರಿಗೆ. ತಾವು ಪಾರಾದೆವೆಂದು ಅರ್ಥವಾದ ಮೇಲೆ ಮಾತ್ರ ಅವರು ಬಿಡಲಿಲ್ಲ.

"ಮೋಸಗಾರ! ನನ್ನ ಸಮುದ್ರ ಕಿತ್ಕೊಂಡ್ಯಲ್ಲೋ! ನಂಬಿ ಕರ್ಕೊಂಡ್ ಬಂದ್ರೆ ನನ್ನ ಮಾಲಿಗೇ ಕೈ ಹಾಕಿದ್ಯಾ!" ಎದೆ ಎದೆ ಬಡಿದುಕೊಂಡರು. ಧ್ವನಿಯಲ್ಲಿ ಮೂರು ವಾರದ ಭಯವೆಲ್ಲ ಹರಿದು ಹೋಗುತ್ತಿತ್ತು, ಬಾಯಿಗೆ ಬಿಗಿಯೇ ಇರಲಿಲ್ಲ. "ನಮ್ಮಪ್ಪನಿಗೆ ಕೊಡ್ಸಿದ ಎತ್ತುಗಳಲ್ಲೂ ಎಷ್ಟು ತಿಂದಿದ್ಯೋ ಯಾರಿಗೆ ಗೊತ್ತು!"

ಆ ಮಾತೊಂದು ಬೇಕಿರಲಿಲ್ಲ. ರಾಮಚಂದ್ರಪ್ಪ, ಬಾಯಿ ತೆರೆದರೆ ಎಲ್ಲ ಹಾಳಾಗುತ್ತದೆ ಎಂದು ನೆಲ ನೋಡುತ್ತಾ ನಿಂತ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಜನ ಒಬ್ಬೊಬ್ಬರಾಗಿ ಗೇಟು ದಾಟಿದರು. ಯುವರಾಜ್ ಏಣಿ ಎತ್ತಿಕೊಳ್ಳುವಾಗ "ಥೂ, ನಿನ್ನ ವಯಸ್ಸಿಗಿಷ್ಟು" ಎಂದ. ಅಣ್ಣ ಅನ್ನಲಿಲ್ಲ.

ಮನೆಗೆ ಬಂದು ಅವನು ಪದ್ಮಮ್ಮನಿಗೆ ಮಾತ್ರ ಎಲ್ಲವನ್ನೂ ಹೇಳಿದ. ಅವಳು ಹಲ್ಲು ಎಣಿಸಿದ್ದನ್ನು ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಟವೆಲ್ ಹಾಕಿದ್ದನ್ನು ಕೇಳಿ ನಗು ನಿಲ್ಲಿಸಿದಳು, ನೀರು ಮಾತ್ರ ನಿಲ್ಲಲಿಲ್ಲ. "ಹಡಗನ್ನ ಎಲ್ಲಿ ಕಟ್ತೀರಿ?" ಎಂದು ಕೇಳಿದಳು. ಜಾಗ ಸಿಗುವವರೆಗೆ ಅಲ್ಲೇ ಇರಲಿ ಎಂದು ಸೀತಾಲಕ್ಷ್ಮಿಯ ಕೈಕಾಲು ಹಿಡಿದಿದ್ದ. ಮರುದಿನ ಟೀ ಅಂಗಡಿಯಲ್ಲಿ ಅವನು ಕೂತ ಬೆಂಚಿನಿಂದ ಇಬ್ಬರು ಎದ್ದು ಹೋದರು. ಕಿಚಾಯಿಸುವವರೂ ಇಲ್ಲ. ಅವನು ಅಂಗಡಿಗೆ ಹೋಗುವುದನ್ನೇ ಬಿಟ್ಟ.

ಸೋಮವಾರ ಬೆಳಿಗ್ಗೆ ಪೇಪರ್ ಬಂತು. ನಾಲ್ಕನೇ ಪುಟದಲ್ಲಿ ಚಂದ್ರಶೇಖರಪ್ಪನವರ ಫೋಟೋ, ಕೊರಳಿನಲ್ಲಿ ಆಳೆತ್ತರದ ಹಾರ, ತಲೆಗೆ ಪೇಟ, ಪಕ್ಕದಲ್ಲಿ ಜಗದಾಂಬಾ. ಹೋಗಿ ಬನ್ನಿ ಎಂದು ಮಾಡಬೇಕಿದ್ದ ಸನ್ಮಾನವನ್ನು ಸಂಘದವರು ಹೋಗಲಾಗದ್ದಕ್ಕೆ ಮಾಡಿದ್ದರು. ಹಾಲ್ ಬುಕ್ ಆಗಿತ್ತಲ್ಲ. ಪದ್ಮಮ್ಮ ಅಕ್ಕಿ ಆರಿಸುತ್ತಾ, "ಏನು ಬರ್ದಿದಾರೆ ಓದ್ರಿ" ಎಂದಳು.

ರಾಮಚಂದ್ರಪ್ಪ ಕನ್ನಡಕ ಏರಿಸಿ ಓದಿದ. "ಏಕಾಂಗಿಯಾಗಿ ವಿಶ್ವ ಪರ್ಯಟನೆಗೆ ಸಜ್ಜಾಗಿದ್ದ ಹಿರಿಯ ವರ್ತಕರ ಕನಸನ್ನು ಭದ್ರಾವತಿಯ ದಲ್ಲಾಳಿಯೊಬ್ಬ ಕೊನೆಯ ಗಳಿಗೆಯಲ್ಲಿ ನುಚ್ಚುನೂರು ಮಾಡಿದ್ದು..." ನಿಲ್ಲಿಸಿದ. ಮುಂದಿನ ಸಾಲು ನೋಡಿದ. ಕೊನೆಯವರೆಗೂ ಬೆರಳಿಟ್ಟು ಹುಡುಕಿದ. ಪೇಪರ್ ತಿರುಗಿಸಿ ಹಿಂದಿನ ಪುಟವನ್ನೂ ನೋಡಿದ.

"ಏನಾಯ್ತು?"

"ಹೆಸರೇ ಹಾಕಿಲ್ಲ ಕಣೇ" ಎಂದ. "ದಲ್ಲಾಳಿಯೊಬ್ಬ ಅಂತೆ. ನಲವತ್ತು ವರ್ಷ ಸಂಪಾದಿಸಿದ ಹೆಸರು. ತೆಗೆಯೋವಾಗಲಾದ್ರೂ ಒಂದ್ಸಲ ಬರೀಬಾರ್ದಿತ್ತಾ?"

ಪದ್ಮಮ್ಮ ಮೊರ ಕೆಳಗಿಟ್ಟು ಎದ್ದಳು. ಹಾಲಿನವನ ಲೆಕ್ಕ ಬರೆಯುವ ಪೆನ್ನು ತಂದಳು. ಗಂಡನ ಕೈಯಿಂದ ಪೇಪರ್ ತೆಗೆದುಕೊಂಡು ಮೊಣಕಾಲ ಮೇಲೆ ಹರಡಿ, ದಲ್ಲಾಳಿಯೊಬ್ಬ ಎಂಬುದರ ಮೇಲೆ ಗೀಟು ಎಳೆದು, ಓರೆಕೋರೆ ಅಕ್ಷರದಲ್ಲಿ ರಾಮಚಂದ್ರಪ್ಪ ಎಂದು ಬರೆದಳು.

"ಈಗ ಓದಿ" ಎಂದಳು.

ಅವನು ಮೊದಲಿನಿಂದ ಓದಿದ.